ಕಣಕಿಯಿಂದ ಕಬ್ಬಿಗೆ: ಗೋಕಾಕ ಸೀಮೆಯ ಬೆಂಕಿ ಕಾಲ

ವರ್ಷದ ಕಾಳು, ವರ್ಷದ ಮೇವು, ವರ್ಷದ ಉರುವಲು ಮೂರೂ ನಮ್ಮ ಕಡೆ ಒಂದೇ ಹಂಗಾಮಿನಲ್ಲಿ ಮನೆ ಸೇರುತ್ತಿದ್ದವು. ಹಿಂಗಾರಿ ಜೋಳದ ರಾಶಿ ಮುಗಿಯುವುದು ಶಿವರಾತ್ರಿಯ ಆಸುಪಾಸು. ಚಳಿ ಶಿವಶಿವಾ ಎಂದು ಹೋದ ಮೇಲೆ ಬಿಸಿಲು ಏರುವುದು, ಗೋಕಾಕ ಗುಡ್ಡದ ಹುಲ್ಲು ಒಣಗುವುದು, ಮಧ್ಯಾಹ್ನದ ಗಾಳಿ ಏಳುವುದು ಎಲ್ಲ ಆಗಲೇ. ಬೇಗ ಹೊತ್ತಿಕೊಳ್ಳುವಂಥದ್ದೆಲ್ಲ ಮನೆಯ ಸುತ್ತ ಬಂದು ಬೀಳುವ ಹೊತ್ತಿಗೆ ಸರಿಯಾಗಿ ಬೆಂಕಿಯ ಕಾಲವೂ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮಿರಗದ (ಮೃಗಶಿರಾ) ಮಳೆಯವರೆಗೆ, ಸುಮಾರು ಮೂರು ತಿಂಗಳು, ಹೆಂಗಸರ ಕಣ್ಣು ಒಲೆಯ ಮೇಲೆ, ಗಂಡಸರ ಕಣ್ಣು ಬಣವಿಯ ಮೇಲೆ.

ನಾನು ಹುಟ್ಟಿದ್ದು ಮೂಡಲಗಿ ಕಡೆಯ ಕಾಲುವೆ ದಂಡೆಯ ಊರಲ್ಲಿ. ಕೊಟ್ಟದ್ದು ಹುಕ್ಕೇರಿ ತಾಲೂಕಿಗೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದದ್ದು ಗೋಕಾಕದಲ್ಲಿ. ಆಗ ಮೂಡಲಗಿ ಗೋಕಾಕ ತಾಲೂಕಿನೊಳಗೇ ಇತ್ತು. ಬೇರೆ ತಾಲೂಕಾದದ್ದು ಈಚೆಗೆ. ಶಾಲೆಯಲ್ಲಿ ಆದಿಲಶಾಹಿಯನ್ನೂ 1857ನ್ನೂ ಪಾಠ ಮಾಡಿದೆ. ಒಂದು ಮನೆ ತನ್ನನ್ನು ಬೆಂಕಿಯಿಂದ ಹೇಗೆ ಉಳಿಸಿಕೊಳ್ಳುತ್ತಿತ್ತು ಎಂಬುದು ಯಾವ ಪಠ್ಯದಲ್ಲೂ ಇರಲಿಲ್ಲ. ಆ ವಿದ್ಯೆಯನ್ನು ನನಗೆ ಕಲಿಸಿದವರು ನಮ್ಮ ಆಯಿ ಮತ್ತು ಅವ್ವ. ಅದನ್ನು ಬರೆದಿಡಬೇಕೆಂದು ಈಗ ಅನಿಸುತ್ತಿದೆ. ಏಕೆಂದರೆ ಬೆಂಕಿ ತಾನಿದ್ದ ಜಾಗವನ್ನೂ ತನ್ನ ತಿಂಗಳನ್ನೂ ಬದಲಿಸಿಕೊಂಡಿದೆ, ನಮ್ಮ ತಯಾರಿ ಮಾತ್ರ ಅದಕ್ಕೆ ತಕ್ಕಂತೆ ಬದಲಾಗಲಿಲ್ಲ. ಹಳೆಯ ತಯಾರಿ ಬಿಟ್ಟುಹೋಯಿತು, ಹೊಸದು ಹುಟ್ಟಲೇ ಇಲ್ಲ.

ಕಾಡಿನ ಬೆಂಕಿ ಎಂದರೆ ನಮ್ಮ ಜನಕ್ಕೆ ಪತ್ರಿಕೆಯಲ್ಲಿ ಓದುವ ಸುದ್ದಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸುಮಾರು 10 ಸಾವಿರ ಎಕರೆ ಸುಟ್ಟಾಗ ಇಡೀ ರಾಜ್ಯ ಮರುಗಿತು. ಬೆಳಗಾವಿ ಜಿಲ್ಲೆಯ ದಟ್ಟ ಕಾಡೆಲ್ಲ ಪಶ್ಚಿಮಕ್ಕೆ, ಖಾನಾಪುರ ಮತ್ತು ಭೀಮಗಡದ ಕಡೆ ಉಳಿಯಿತು. ನಮ್ಮದು ಮಳೆ ಕಡಿಮೆಯ ಸೀಮೆ. ಯೋಗಿಕೊಳ್ಳದ ಸುತ್ತಲ ಮರಳುಗಲ್ಲಿನ ಗುಡ್ಡ, ಗೊಡಚಿನಮಲ್ಕಿಯ ಕಣಿವೆ, ಪಾಚ್ಛಾಪುರ ಯಮಕನಮರಡಿ ಕಡೆಯ ಏರುಗಳಲ್ಲಿ ಕುರುಚಲು ಮತ್ತು ಹುಲ್ಲು. ಆ ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುತ್ತಿತ್ತು, ಈಗಲೂ ಬೀಳುತ್ತದೆ. ಸುಟ್ಟ ನೆಲದಲ್ಲಿ ಮೊದಲ ಮಳೆಗೆ ಎಳೆ ಹುಲ್ಲು ಬೇಗ ಚಿಗುರುತ್ತದೆಂದು ಕುರಿ ಮೇಯಿಸುವವರು ಹಚ್ಚುತ್ತಾರೆ ಎಂಬ ಮಾತು ಹಳೆಯದು. 1878ರ ಅರಣ್ಯ ಕಾಯ್ದೆಯಿಂದಲೇ ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧವಾಯಿತು. ಕಾಡಿನಲ್ಲಿ ಮೇವು ಕಟ್ಟಿಗೆಯ ಹಕ್ಕು ಉಳ್ಳವರು ಬೆಂಕಿ ಆರಿಸಲು ಕೈಜೋಡಿಸಲೇಬೇಕು ಎಂದು 1927ರ ಕಾಯ್ದೆ ಹೇಳಿತು. ಗುಡ್ಡದ ಬೆಂಕಿಗೆ ಹೀಗೆ ಕಾನೂನು ಇತ್ತು. ಊರೊಳಗಿನ ಬೆಂಕಿಗೆ ಇದ್ದದ್ದು ರೂಢಿ ಒಂದೇ.

ಆ ರೂಢಿಯಲ್ಲಿ ಮೊದಲ ಮಾತು ಬಣವಿಯದು. ಕಣಕಿಯ, ಅಂದರೆ ಒಣ ಜೋಳದ ದಂಟಿನ, ಸಿವುಡುಗಳನ್ನು ಒಟ್ಟಿ, ಮೇಲೆ ಇಳಿಜಾರು ಮಾಡಿ, ಮಳೆ ಒಳಗಿಳಿಯದಂತೆ ಹೊದಿಸಿದ ಬಣವಿ ಎಂದರೆ ಎತ್ತು ಎಮ್ಮೆಗಳ ಒಂದು ವರ್ಷದ ಊಟ. ಅದು ಸುಟ್ಟರೆ ಯುಗಾದಿಯೊಳಗೆ ದನ ಸಂತೆಗೆ ಹೋಗಬೇಕು. ಎತ್ತು ಇಲ್ಲದೆ ಮುಂಗಾರಿನ ಬಿತ್ತನೆ ಇಲ್ಲ, ಬಿತ್ತನೆ ಇಲ್ಲದಿದ್ದರೆ ಸಾಲ. ಅದಕ್ಕೆ ಬಣವಿ ಎಲ್ಲಿ ಹಾಕಬೇಕು ಎಂಬುದು ಮನೆಯ ಹಿರಿಯರೆಲ್ಲ ಕೂತು ತೀರ್ಮಾನಿಸುವ ವಿಷಯವಾಗಿತ್ತು. ನಮ್ಮ ಊರಲ್ಲಿ ಬಣವಿಗಳೆಲ್ಲ ಊರ ಹೊರಗಿನ ಹಿತ್ತಲಗಳಲ್ಲಿ, ಬೇಸಿಗೆಯ ಗಾಳಿ ಊರ ಕಡೆ ಬೀಸದ ಮಗ್ಗುಲಲ್ಲಿ ಇರುತ್ತಿದ್ದವು. ಎರಡು ಬಣವಿಗಳ ನಡುವೆ ಚಕ್ಕಡಿ ತಿರುಗುವಷ್ಟು ಜಾಗ ಬಿಡುತ್ತಿದ್ದರು. ಚಕ್ಕಡಿಗಾಗಿ ಬಿಟ್ಟದ್ದು ಬೆಂಕಿಗೂ ಬಂದೋಬಸ್ತಾಗುತ್ತಿತ್ತು. ಉಳ್ಳವರು ಮೇವನ್ನು ಎರಡು ಕಡೆ ಹಂಚಿ ಒಟ್ಟುತ್ತಿದ್ದರು: ಒಂದು ಹಿತ್ತಲದಲ್ಲಿ, ಒಂದು ಹೊಲದಲ್ಲಿ. ಒಂದು ಹೋದರೂ ದನ ಉಳಿಯಲಿ ಎಂದು. ಕುಳ್ಳಿನ (ಬೆರಣಿಯ) ಒಟ್ಟನ್ನು ಬಣವಿಯ ನೆರಳಿಗೆ ಹಾಕುವ ಸೊಸೆಗೆ ಬೈಗುಳ ತಪ್ಪುತ್ತಿರಲಿಲ್ಲ.

ಎರಡನೆಯದು ಒಲೆ. ಕಡ್ಡಿಪೆಟ್ಟಿಗೆ ಮನೆಮನೆಯಲ್ಲೂ ಇದ್ದರೂ ಅದನ್ನು ಖರ್ಚು ಮಾಡುವುದು ನಮ್ಮ ಆಯಿಗೆ ಇಷ್ಟವಿರಲಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಮಲಗಿ, ನಸುಕಿನಲ್ಲಿ ಬೂದಿ ಸರಿಸಿ ಕುಳ್ಳು ಇಟ್ಟು ಊದಿದರೆ ಒಲೆ ಹೊತ್ತುತ್ತಿತ್ತು. ಆರಿಹೋದ ಮನೆಯವರು ಕುಳ್ಳಿನ ತುಂಡು ಹಿಡಿದು ನೆರೆಮನೆಗೆ ಬೆಂಕಿ ಕೇಳಲು ಬರುತ್ತಿದ್ದರು. ಓಣಿಯಲ್ಲಿ ಕೆಂಡ ನಡೆದಾಡುವ ಕಾಲ ಅದು. ಬೇಸಿಗೆಯ ಮಧ್ಯಾಹ್ನ ಮಾತ್ರ ಆಯಿ ಖಡಾಖಂಡಿತ ನಿರಾಕರಿಸುತ್ತಿದ್ದಳು: “ಗಾಳಿ ಬಿಟ್ಟೈತಿ, ಈಗ ಬೆಂಕಿ ಕೊಡೂದಿಲ್ಲವ್ವಾ. ರೊಟ್ಟಿ ಬೇಕಾದ್ರ ಒಯ್ಯಿ.” ಬಂದವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅವರ ಮನೆಯಲ್ಲೂ ಅದೇ ನಿಯಮ. ಶಿವರಾತ್ರಿ ದಾಟಿದ ಮೇಲೆ ರೊಟ್ಟಿ ಬಡಿಯುವುದು ಬಿಸಿಲೇರುವ ಮೊದಲೇ ಮುಗಿಯಬೇಕು. ಬೂದಿ ತಿಪ್ಪಿಗೆ ಹೋಗುವ ಮೊದಲು ಅದರ ಮೇಲೆ ನೀರು ಬೀಳಬೇಕು. “ಮೊದಲ ನೀರ ಹೊಡಿ, ಆಮ್ಯಾಲ ತಿಪ್ಪಿಗೆ ಹಾಕು” ಎಂದು ಅವಳು ಹೇಳದ ದಿನವಿಲ್ಲ. ಬೂದಿಯೊಳಗೆ ಉಳಿದ ಒಂದು ಕೆಂಡ ತಿಪ್ಪಿಯ ಒಣ ಕಸದಲ್ಲಿ ರಾತ್ರಿಯಿಡೀ ಹೊಗೆಯಾಡಿ ಮರುದಿನದ ಗಾಳಿಗೆ ಭುಗ್ಗೆನ್ನುತ್ತದೆ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು.

ದನದ ಕೊಟ್ಟಿಗೆಯ ಕಂಬಕ್ಕೆ ಒಂದು ಕುಡಗೋಲು ಸದಾ ಸಿಕ್ಕಿಸಿರುತ್ತಿತ್ತು. ಅದನ್ನು ಮೇವು ಕೊಯ್ಯಲು ಯಾರೂ ಮುಟ್ಟುವಂತಿಲ್ಲ. ಬೆಂಕಿ ಬಿದ್ದಾಗ ದನ ಬೆದರಿ ಹಗ್ಗ ಜಗ್ಗುತ್ತದೆ, ಗಂಟು ಬಿಗಿಯುತ್ತದೆ, ಬಿಚ್ಚುತ್ತ ನಿಂತರೆ ದನವೂ ಹೋಯಿತು, ಬಿಚ್ಚುವವನೂ ಹೋದ. ಕೊಯ್ದುಬಿಡುವುದೊಂದೇ ದಾರಿ. ಕಲ್ಲಿನ ದೋಣಿಯಲ್ಲಿ ಸಂಜೆ ದನಕ್ಕೆ ನೀರು ಕುಡಿಸಿದ ಮೇಲೆ ಮತ್ತೆ ತುಂಬಿಯೇ ಮಲಗಬೇಕು, ಪಕ್ಕದಲ್ಲಿ ಗೋಣಿಚೀಲ ಮಡಚಿಟ್ಟಿರಬೇಕು. ತೋಯಿಸಿದ ಗೋಣಿಚೀಲ ಮತ್ತು ಹಸಿ ಬೇವಿನ ಟೊಂಗೆ, ಇವೆರಡೇ ಆ ಕಾಲದ ಬೆಂಕಿ ಆರಿಸುವ ಸಲಕರಣೆ. ಬಾವಿಯಿಂದ ಕೊಡಗಳ ಸಾಲು ಹಚ್ಚುವಷ್ಟರಲ್ಲಿ ಬಣವಿ ಅರ್ಧ ಹೋಗಿರುತ್ತಿತ್ತು. ಸುಡುವ ಬಣವಿಯನ್ನು ಆರಿಸಲು ಹೋಗದೆ ಅದರ ಪಕ್ಕದ ಬಣವಿಯನ್ನು ತೋಯಿಸಬೇಕು ಎಂಬ ವಿವೇಕ ನಮ್ಮ ಹಿರಿಯರಿಗಿತ್ತು.

ಕಾಳಿನ ವಿಷಯದಲ್ಲಿ ಅವರು ಇನ್ನೂ ಜಾಣರು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಳಿಸುತ್ತಿದ್ದರು. ಊರಿನ ಎತ್ತರದ ಗಟ್ಟಿ ನೆಲ ನೋಡಿ, ಬಾಯಿ ಕಿರಿದಾಗಿ ಒಳಗೆ ಅಗಲವಾಗಿ ಅಗೆದು, ತಳಕ್ಕೆ ಹೊಟ್ಟು, ಗೋಡೆಗೆ ಕಣಕಿ ಹೊಂದಿಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ಇಲಿ, ಹುಳ, ಕಳ್ಳ, ಬೆಂಕಿ ನಾಲ್ಕಕ್ಕೂ ಅದು ಉತ್ತರ. ಮೇಲೆ ಓಣಿಯೇ ಹೊತ್ತಿ ಉರಿದರೂ ಕೆಳಗಿನ ಕಾಳು ತಣ್ಣಗಿರುತ್ತಿತ್ತು. ಗಾಳಿಯಾಡದ ಗುಂಡಿಯಲ್ಲಿ ಕಾಳು ಉಸಿರಾಡಿ ಉಸಿರಾಡಿ ಆಮ್ಲಜನಕ ತೀರಿರುವುದರಿಂದ ಹುಳ ಬದುಕುತ್ತಿರಲಿಲ್ಲ. ಅದೇ ಕಾರಣಕ್ಕೆ ತೆಗೆದ ಕೂಡಲೇ ಇಳಿದ ಮನುಷ್ಯನೂ ಬದುಕುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಬಿಟ್ಟು ನೋಡಿ, ದೀಪ ನಂದದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ನ್ಯಾಯಬೆಲೆ ಅಂಗಡಿ, ಗೋದಾಮು, ಸಕ್ಕರೆ ಕಾರ್ಖಾನೆಯ ಬಿಲ್ಲು ಬಂದ ಮೇಲೆ ಹಗೇವುಗಳು ಮುಚ್ಚಿಹೋದವು. ಈಗಿನ ಹುಡುಗರಿಗೆ ಅವು ಎಲ್ಲಿದ್ದವು ಎಂದೂ ಗೊತ್ತಿಲ್ಲ.

ಮನೆಯ ಮಾಳಿಗೆಯೂ ಬೆಂಕಿಯನ್ನು ನೆನೆದೇ ಕಟ್ಟಿದ್ದು ಎನ್ನಬಹುದು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಕಡ್ಡಿ ಹಾಸಿ, ದಪ್ಪನೆಯ ಮಣ್ಣಿನ ಪದರ. ಮೇಲುಮುಚ್ಚಿಗೆಗೆ ಕರಲು ಮಣ್ಣು, ಏಕೆಂದರೆ ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರೂ ಇಳಿಯುವುದಿಲ್ಲ. ಹಾರಿಬಂದ ಕಿಡಿ ಮಣ್ಣಿನ ಮೇಲೆ ಬಿದ್ದು ತಾನೇ ಆರುತ್ತಿತ್ತು. ಆದರೆ ಊರಲ್ಲಿ ಎಲ್ಲರಿಗೂ ಮಾಳಿಗೆಯ ಮನೆ ಇರಲಿಲ್ಲ. ಊರಂಚಿನಲ್ಲಿ, ಬಣವಿಗಳ ಆಚೆಗೆ, ಕೂಲಿ ಮಾಡುವವರ ಗುಡಿಸಲುಗಳಿದ್ದವು. ಹುಲ್ಲು ಅಥವಾ ಕಬ್ಬಿನ ಒಣ ಎಲೆಯಾದ ರವದಿ ಹೊದಿಸಿದವು. ಊರನ್ನು ಉಳಿಸಲು ಬಣವಿಯನ್ನು ಹೊರಗೆ ಇಟ್ಟವರು, ಆ ಹೊರಗೂ ಜನ ಇದ್ದಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೆಂಕಿ ಬಿದ್ದಾಗ ಮಾಳಿಗೆಯವರ ಮೇವು ಹೋಗುತ್ತಿತ್ತು, ಗುಡಿಸಲಿನವರ ಮನೆಯೇ ಹೋಗುತ್ತಿತ್ತು. 1970ರ ದಶಕದಲ್ಲಿ ಜನತಾ ಮನೆಗಳು ಬಂದು ಹಂಚಿನ ಸೂರು ಸಿಕ್ಕದ್ದು ಈ ಜನಕ್ಕೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಬೇಸಿಗೆಯ ರಾತ್ರಿಗಳನ್ನು ಬಲ್ಲವರೇ ಹೇಳಬೇಕು.

ಈ ಎಲ್ಲದರ ನಡುವೆ ಹೋಳಿ ಹುಣ್ಣಿವಿ. ಹಲಗಿ ಬಾರಿಸುತ್ತ ಹುಡುಗರು ಓಣಿ ಓಣಿಗೆ ಹೋಗಿ ಕುಳ್ಳು, ಕಟ್ಟಿಗೆ, ಮುರಿದ ಕುಂಟೆ, ಹಳೆಯ ಬುಟ್ಟಿ ಕದ್ದು ತಂದು ಕಾಮಣ್ಣನಿಗೆ ಒಟ್ಟುತ್ತಿದ್ದರು. ಕಳ್ಳತನಕ್ಕೆ ಆ ದಿನ ಮಾಫಿ. ಕಾಮದಹನದ ಬೆಂಕಿಯನ್ನು ಮನೆಗೆ ತಂದು ಒಲೆ ಹಚ್ಚಿ ಕಡಲೆ ಹುರಿಯುತ್ತಿದ್ದೆವು. ನನಗೆ ಇದರಲ್ಲಿ ಒಂದು ಲೆಕ್ಕಾಚಾರ ಕಾಣುತ್ತದೆ. ಸಂದಿಗೊಂದಿಯಲ್ಲಿ ಬಿದ್ದಿದ್ದ ಒಣ ಸಾಮಾನೆಲ್ಲ ಬಿರುಬಿಸಿಲು ಬರುವ ಮುಂಚೆಯೇ ಊರ ನಡುವಿನ ಬಯಲಿನಲ್ಲಿ, ಎಲ್ಲರ ಕಣ್ಣೆದುರು, ಒಂದೇ ರಾತ್ರಿ ಸುಟ್ಟು ಮುಗಿಯುತ್ತಿತ್ತು. ಶಾಸ್ತ್ರ ಹುಟ್ಟಿದ್ದು ಇದಕ್ಕಾಗಿ ಎಂದು ವಾದಿಸುವುದಿಲ್ಲ. ಹೋಳಿಯ ಮರುದಿನ ನಮ್ಮ ಓಣಿ ಮಾತ್ರ ನಿಜಕ್ಕೂ ಹಸನಾಗಿರುತ್ತಿತ್ತು.

ಇನ್ನು ನೀರಿನ ಕಥೆ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ. ಅದೇ ಹೊಳೆಯ ಬಲದಿಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರಲ್ಲಿ ಶುರುವಾಯಿತು. ಮುಂದೆ ಎಡದಂಡೆ ಕಾಲುವೆ ಬಂತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಪೂರ್ತಿಯಾಗಿ ಸುಮಾರು 51 ಟಿಎಂಸಿ ನೀರು ನಿಲ್ಲತೊಡಗಿತು. ಜೋಳದ ನೆಲಕ್ಕೆ ಕಬ್ಬು ಬಂತು. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ, ಆಮೇಲೆ ಘಟಪ್ರಭಾ ಕಾರ್ಖಾನೆ, ಈಚೆಗೆ ಖಾಸಗಿಯವು ಸಾಲಾಗಿ ಎದ್ದವು. ಕರೆಂಟೂ ಅದೇ ಕಾಲಕ್ಕೆ ಬಂತು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು. ಉಳಿದವು ಗುಜರಾತದ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ, ಈಗಿನ ತೆಲಂಗಾಣದ ಸಿರಸಿಲ್ಲಾ ಮತ್ತು ಲಖನೌ. ಹುಕ್ಕೇರಿಯ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಹೆಸರು ಕಾರ್ಖಾನೆಯೊಂದಿಗೂ ಈ ಸಂಘದೊಂದಿಗೂ ಸೇರಿಕೊಂಡಿದೆ. ನನ್ನ ಗಂಡನ ಮನೆಯಲ್ಲಿ ಪಂಪಸೆಟ್ಟು ಕೂತ ದಿನ ಬೋರಿಗೆ ಕಾಯಿ ಒಡೆದು ಸಕ್ಕರೆ ಹಂಚಿದ್ದರಂತೆ. ನೀರು ಬಂದ ಮೇಲೆ ಬೆಂಕಿಗೆ ಹೆದರುವುದೇಕೆ ಎಂದು ಯಾರಿಗಾದರೂ ಅನಿಸುವ ಕಾಲ ಅದು.

ಆದದ್ದೇ ಬೇರೆ. ಕಬ್ಬು ಬೆಳೆಯುವಾಗ ಬುಡದ ಎಲೆ ಒಣಗುತ್ತ ಹೋಗುತ್ತದೆ, ಉದುರದೆ ದಂಟಿಗೇ ಜೋತುಬೀಳುತ್ತದೆ. ಮೇಲೆ ಹಸಿರು, ಒಳಗೆ ಒಣ ರವದಿ. ಒಂದು ಎಕರೆಯಲ್ಲಿ ಮೂರು ನಾಲ್ಕು ಟನ್ ರವದಿ ಸಿಗುತ್ತದೆ. ನವೆಂಬರಿನಿಂದ ಕಾರ್ಖಾನೆ ನುರಿಯಲು ಶುರು ಮಾಡುತ್ತದೆ, ಕಟಾವಾದ ಹೊಲದಲ್ಲಿ ರವದಿ ಮೊಣಕಾಲುದ್ದ ಬೀಳುತ್ತದೆ, ಕುಳೆ ಕಬ್ಬಿಗೆ ನೀರು ಬಿಡುವ ಅವಸರದಲ್ಲಿ ಅದಕ್ಕೆ ಕಡ್ಡಿ ಗೀರುತ್ತಾರೆ. ಶಿವರಾತ್ರಿಗೆ ಶುರುವಾಗುತ್ತಿದ್ದ ಬೆಂಕಿ ಕಾಲ ಈಗ ದೀಪಾವಳಿ ದಾಟುತ್ತಿದ್ದಂತೆಯೇ ಶುರು. ಪಕ್ಕದ ಹೊಲದಲ್ಲಿ ಕಟಾವಿಗೆ ನಿಂತ ಕಬ್ಬಿಗೆ ಕಿಡಿ ಹಾರಿದರೆ ಆರಿಸುವವರಿಲ್ಲ. ಸುಟ್ಟ ಕಬ್ಬಿನ ತೂಕ ದಿನದಿನಕ್ಕೆ ಇಳಿಯುತ್ತದೆ, ಒಳಗಿನ ಸಕ್ಕರೆ ಕೆಡುತ್ತದೆ, ಕೂಡಲೇ ಸಾಗಿಸಬೇಕು, ದರದಲ್ಲೂ ಕಡಿತ. ಹೊಲದ ಮೇಲಿನ ತಂತಿ ಜೋತುಬಿದ್ದು ಗಾಳಿಗೆ ಒಂದಕ್ಕೊಂದು ತಾಗಿದರೂ ಸಾಕು, ಟಿಸಿಯ (ಟ್ರಾನ್ಸ್‌ಫಾರ್ಮರಿನ) ಬುಡದಲ್ಲಿ ರವದಿ ಇದ್ದರೂ ಸಾಕು. ಪಂಪಿಗೆ ಜೀವ ಕೊಟ್ಟ ತಂತಿಯೇ ಕಿಡಿಯನ್ನೂ ಕೊಡಬಲ್ಲದು.

ಇದಕ್ಕಿಂತ ದೊಡ್ಡ ಬದಲಾವಣೆ ಮನೆಯದು. ನೀರು ಬಂದ ಮೇಲೆ ಜನ ಊರು ಬಿಟ್ಟು ತೋಟಕ್ಕೆ ಹೋದರು. ಮೂಡಲಗಿ, ಗೋಕಾಕ ಕಡೆಯ ಯಾವ ರಸ್ತೆಯಲ್ಲಿ ಹೋದರೂ ಹೊಲದ ನಡುವೆ ತೋಟದ ಮನೆಗಳು. ದನ ಕಾಯಲು, ರಾತ್ರಿಪಾಳಿಯ ಕರೆಂಟಿಗೆ ಮೋಟರು ಚಾಲೂ ಮಾಡಲು ಅದೇ ಅನುಕೂಲ. ಹಳೆಯ ಊರಿನಲ್ಲಿ ಸುಡುವ ವಸ್ತುವನ್ನು ಮನೆಯಿಂದ ದೂರ ಇಟ್ಟಿದ್ದರು. ತೋಟದಲ್ಲಿ ಅದರ ನಟ್ಟನಡುವೆ ಹೋಗಿ ಮನೆ ಕಟ್ಟಿದೆವು. ಕಬ್ಬು ಗೋಡೆಗೆ ತಾಗಿ ನಿಲ್ಲುತ್ತದೆ, ಒಂದು ಸಾಲು ಬಿಟ್ಟರೆ ಒಂದು ಸಾಲಿನ ಹಣ ಹೋಯಿತೆಂಬ ಲೆಕ್ಕ. ದನದ ಪತ್ರಾಸ್ (ತಗಡು) ಶೆಡ್ಡು ಕಬ್ಬಿಗೆ ಒರಗಿಕೊಂಡಿರುತ್ತದೆ. ನಮ್ಮ ಸಂಬಂಧಿಕರ ತೋಟದಲ್ಲಿ ಹೀಗೇ ಆಯಿತು. ನೆರೆಹೊಲದವರು ಬಿಸಿಲ ಹೊತ್ತಿನಲ್ಲಿ ರವದಿಗೆ ಹಚ್ಚಿದ ಬೆಂಕಿ ಬದು ದಾಟಿ ನಿಂತ ಕಬ್ಬಿಗೆ ಬಂತು, ಕಬ್ಬಿನಿಂದ ಶೆಡ್ಡಿಗೆ. ಮನೆಯಲ್ಲಿ ಇದ್ದವರು ಮುದುಕಿ ಮತ್ತು ಬಾಣಂತಿ. ಕರೆಂಟು ಇರಲಿಲ್ಲ, ಮೋಟರು ತಿರುಗಲಿಲ್ಲ. ಸೀಳುದಾರಿಯಲ್ಲಿ ಅಗ್ನಿಶಾಮಕದ ಗಾಡಿ ಹೊರಳಿ ಬರುವಷ್ಟರಲ್ಲಿ ಎರಡು ಎಮ್ಮೆ ಕಟ್ಟಿದಲ್ಲೇ ಸತ್ತಿದ್ದವು. ಆ ಶೆಡ್ಡಿನ ಕಂಬಕ್ಕೆ ಕುಡಗೋಲು ಇರಲಿಲ್ಲ. ಅದನ್ನು ನೋಡಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಬ್ಬು, ತಂತಿ, ಗಾಳಿ ಈ ಮೂರರ ಕಥೆ ನಮ್ಮದಷ್ಟೇ ಅಲ್ಲ. ಹವಾಯಿ ದ್ವೀಪಗಳ ಮಾವಿಯಲ್ಲಿರುವ ಲಹೈನಾ ಒಂದು ಕಾಲಕ್ಕೆ ಕಬ್ಬಿನ ಊರು. ಅಲ್ಲಿನ ಪಯೊನಿಯರ್ ಕಾರ್ಖಾನೆ 1999ರಲ್ಲಿ ಮುಚ್ಚಿತು. ಬೀಳುಬಿದ್ದ ಕಬ್ಬಿನ ನೆಲವನ್ನು ಹೊರನಾಡಿನ ಎತ್ತರದ ಹುಲ್ಲುಗಳು ಆಕ್ರಮಿಸಿದವು. 2023ರ ಆಗಸ್ಟ್ 8ರಂದು ಬಿರುಗಾಳಿಗೆ ಬಿದ್ದ ವಿದ್ಯುತ್ ತಂತಿಯಿಂದ ಹೊತ್ತಿದ ಬೆಂಕಿ ಆ ಹುಲ್ಲಿನ ಮೂಲಕ ಊರಿಗೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಅಲ್ಲಿ ಕಬ್ಬು ಹೋದ ಮೇಲೆ ಬೆಂಕಿ ಬಂತು, ನಮ್ಮಲ್ಲಿ ಕಬ್ಬು ಇರುವಾಗಲೇ ಬರುತ್ತಿದೆ. ನೀರಿನ ಪಾಳಿ ತಪ್ಪಿ ಕಬ್ಬು ಒಣಗಿದ ವರ್ಷ, ಮಕ್ಕಳು ಬೆಂಗಳೂರು ಪುಣೆಗೆ ಹೋಗಿ ಹೊಲ ಬೀಳಾದ ವರ್ಷ, ನಮ್ಮ ಬದುಗಳಲ್ಲೂ ಅಂಥದೇ ಹುಲ್ಲು ನಿಲ್ಲುತ್ತದೆ.

ರವದಿ ಸುಡುವವರನ್ನು ನಾನು ಬೈಯುವುದಿಲ್ಲ. ಆಳಿನ ಕೂಲಿ ಎಷ್ಟಾಗಿದೆ ಎಂದು ನನಗೆ ಗೊತ್ತು. ಆದರೂ ಸುಡದೆ ಸಾಧಿಸಿದವರು ನಮ್ಮ ಸುತ್ತಲೇ ಇದ್ದಾರೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳೆದು ಹಾಕಿ, ಮೇಲೆ ಯೂರಿಯಾ ಮತ್ತು ಕೊಳೆಯಿಸುವ ಜೀವಾಣು ಹಾಕಿ ನೀರು ಬಿಟ್ಟರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತದೆ, ಹಸಿ ಹಿಡಿಯುತ್ತದೆ, ಕಸ ಏಳುವುದಿಲ್ಲ. ನಮ್ಮ ಮಗ ಈಗ ಹಾಗೇ ಮಾಡುತ್ತಾನೆ. ಸುಡಲೇಬೇಕೆನ್ನುವ ನೆರೆಯವರ ಬಳಿ ಎರಡು ಮಾತು ಒಪ್ಪಿಸಿದ್ದೇನೆ: ಗಾಳಿಯಿಲ್ಲದ ನಸುಕಿನಲ್ಲಿ ಹಚ್ಚುವುದು, ಹಚ್ಚುವ ಮೊದಲು ಬದುವಿನುದ್ದಕ್ಕೂ ಟ್ರ್ಯಾಕ್ಟರಿನ ಒಂದು ಹಾದಿ ಮಡಕೆ ಹೊಡೆಯುವುದು, ಪಕ್ಕದವರಿಗೆ ಮೊದಲೇ ಹೇಳುವುದಂತೂ ಇದ್ದೇ ಇದೆ.

ಮನೆಯ ಮಟ್ಟಿಗೆ ಸೊಸೆ ಮತ್ತು ನಾನು ದಸರೆಯ ನಂತರ ಕೆಲಸ ಹಿಡಿಯುತ್ತೇವೆ. ಗೋಡೆಯಿಂದ ಹತ್ತು ಮಾರು ಕಬ್ಬು ಇಲ್ಲ, ಅಲ್ಲಿ ಕೊತ್ತಂಬರಿ, ಮೆಂತ್ಯ, ಹಸಿ ಮೇವು. ಮೊದಲ ವರ್ಷ ಸೊಸೆ, “ಅತ್ತಿ, ಇಷ್ಟ ನೆಲ ಸುಮ್ನ ಹೋತಲ್ರೀ” ಎಂದಿದ್ದಳು. ಈಗ ಸಂತೆಗೆ ಪಲ್ಯ ಕಳಿಸುವವಳು ಅವಳೇ. ಹೊಟ್ಟಿನ ಚೀಲ ಮತ್ತು ಬಣವಿ ಶೆಡ್ಡಿನಿಂದ ದೂರ, ಟಿಸಿಯಿಂದ ಇನ್ನೂ ದೂರ. ಕರೆಂಟು ಬಂದಾಗಲೆಲ್ಲ ಟಾಕಿ ತುಂಬಬೇಕು, ಕೆಳಗಿನ ನಳಕ್ಕೆ ಹಿತ್ತಲ ಮುಟ್ಟುವಷ್ಟು ಪೈಪು ಜೋಡಿಸಿಯೇ ಇರಬೇಕು, ಏಕೆಂದರೆ ಬೆಂಕಿ ಬೀಳುವ ಹೊತ್ತಿಗೆ ಕರೆಂಟು ಇರುತ್ತದೆಂಬ ಭರವಸೆ ಇಲ್ಲ. ಜೋತ ತಂತಿ ಕಂಡರೆ ಆವತ್ತೇ ದೂರು ಕೊಡುತ್ತೇವೆ. 112 ಮತ್ತು ಅಗ್ನಿಶಾಮಕದ 101 ಗೋಡೆಯ ಮೇಲೆ ದೊಡ್ಡಕ್ಷರದಲ್ಲಿವೆ, ಕೆಳಗೆ ಮನೆಗೆ ಬರುವ ದಾರಿಯ ಗುರುತು, ಗಾಬರಿಯಲ್ಲಿ ದಾರಿ ಹೇಳಲು ಬಾಯಿ ಬರುವುದಿಲ್ಲವೆಂದು. ಕೊಟ್ಟಿಗೆಯ ಕಂಬದಲ್ಲಿ ಕುಡಗೋಲು ಇದೆ.

ಮನೆಯಲ್ಲಿ ಇಷ್ಟಾದರೂ ಒಂದು ಕೆಲಸ ಉಳಿದಿದೆ. ಕಟಾವಿಗೆ ಬರುವ ಗ್ಯಾಂಗಿನವರು ಮಹಾರಾಷ್ಟ್ರದ ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಸಂಸಾರ ಸಮೇತ ಬಂದು ಕಾರ್ಖಾನೆಯ ಬಯಲಲ್ಲಿ, ಹೊಲದ ಅಂಚಿನಲ್ಲಿ ತಾಡಪಾಲು ಮತ್ತು ರವದಿಯ ಗುಡಿಸಲು ಹಾಕುತ್ತಾರೆ. ನಸುಕಿಗೇ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯುವ ಕೊಯ್ತಾ ಹಿಡಿದು ಹೊಲಕ್ಕೆ ಹೋದರೆ ಗುಡಿಸಲಲ್ಲಿ ಉಳಿಯುವವರು ಮಕ್ಕಳು, ಮೂರು ಕಲ್ಲಿನ ಒಲೆ ಮತ್ತು ರವದಿಯ ಗೋಡೆ. ನನ್ನ ಆಯಿಯ ಕಾಲದ ಊರಂಚಿನ ಗುಡಿಸಲು ಹೆಸರು ಬದಲಿಸಿಕೊಂಡು ಇನ್ನೂ ನಿಂತಿದೆ. ಹೋದ ಹಂಗಾಮಿನಲ್ಲಿ ನಮ್ಮ ಹೊಲಕ್ಕೆ ಬಂದ ಗ್ಯಾಂಗಿಗೆ ಮಡಕೆ ಹೊಡೆದ ಬರಿ ನೆಲದಲ್ಲಿ ಜಾಗ ಕೊಟ್ಟು, ಗುಡಿಸಲುಗಳ ನಡುವೆ ಅಂತರ ಬಿಡಿಸಿ, ಸೂರಿಗೆ ರವದಿಯ ಬದಲು ಹಳೆಯ ಪತ್ರಾಸ್ ಕೊಟ್ಟೆವು. ಒಲೆಯನ್ನು ಗುಡಿಸಲಿನಿಂದ ಹೊರಗೆ, ಮಣ್ಣಿನ ಮೋಟುಗೋಡೆಯ ಮರೆಗೆ ಹಾಕಿಸಿದೆವು. ಎರಡು ಬ್ಯಾರಲ್ ನೀರು ತುಂಬಿಟ್ಟೆವು. ಬರುವ ಹಂಗಾಮಿಗೆ ಕಾಲುವೆಯಾಚೆಯ ಮೂವರು ರೈತರೂ ಇದಕ್ಕೆ ಒಪ್ಪಿದ್ದಾರೆ. ಪತ್ರಾಸ್ ಇನ್ನೂ ಹತ್ತು ತುಂಡು ಬೇಕು, ಹುಡುಕುತ್ತಿದ್ದೇವೆ.